ಕೆರೆಗಾಗಿ ಪಿಐಎಲ್: ಕೋರ್ಟಿಗೆ ಹೋಗುವ ಮುಂಚೆ ಕಡತ ಕಟ್ಟಿ

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಊರ ಕೆರೆಯ ಮೇಲ್ಭಾಗದಲ್ಲಿ ಬಟ್ಟೆಗೆ ಬಣ್ಣ ಹಾಕುವ ಘಟಕವೊಂದಿದೆ. ನಾಲ್ಕು ತಿಂಗಳಿಂದ ರಾತ್ರಿ ಹೊತ್ತು ಬಣ್ಣದ ನೀರನ್ನು ಹಳ್ಳಕ್ಕೆ ಬಿಡುತ್ತಿದ್ದಾರೆ. ಅದು ಸೀದಾ ಕೆರೆಗೆ ಬರುತ್ತದೆ. ಎರಡು ಸಲ ಮೀನು ಸತ್ತು ತೇಲಿದವು. ಕೋಡಿಯ ಪಕ್ಕ ಕೆರೆ ಅಂಗಳವನ್ನು ಒಬ್ಬರು ಒತ್ತುವರಿ ಮಾಡಿ ಅಡಿಕೆ ಸಸಿ ಇಟ್ಟಿದ್ದಾರೆ. ಪಂಚಾಯ್ತಿಗೆ ಹೇಳಿ ಹೇಳಿ ಸಾಕಾಗಿದೆ. ಪರಿಚಯದ ವಕೀಲರು ಸೀದಾ ಹೈಕೋರ್ಟಿನಲ್ಲಿ ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ) ಹಾಕೋಣ ಎನ್ನುತ್ತಾರೆ. ಕೆರೆ ನನ್ನದಲ್ಲ, ನನ್ನ ಜಮೀನು ಅದರ ಅಚ್ಚುಕಟ್ಟಿನಲ್ಲೂ ಇಲ್ಲ. ನಾನು ಹಾಕಬಹುದಾ? ಹಾಕಿದರೆ ನಿಜಕ್ಕೂ ಏನಾದರೂ ಆಗುತ್ತಾ?

ಉತ್ತರ: ಹಾಕಬಹುದು. ಯಾರ ಅನುಮತಿಯೂ ಬೇಕಿಲ್ಲ. ಆದರೆ ನಾಳೆ ಬೆಳಿಗ್ಗೆಯೇ ಹೈಕೋರ್ಟಿಗೆ ಓಡಬೇಡಿ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ, ಎರಡಕ್ಕೂ ಬೇರೆ ಬೇರೆ ಬಾಗಿಲು. ಬಣ್ಣದ ನೀರಿನ ವಿಷಯದಲ್ಲಂತೂ ಕಾಲಮಿತಿಯ ಗಡಿಯಾರ ಆಗಲೇ ಓಡುತ್ತಿದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಅಳುಕಿನ ಮಾತು.

"ಕೆರೆ ನನ್ನದಲ್ಲ" ಎಂದಿದ್ದೀರಿ. ಹಿಂದೆ ಕೋರ್ಟುಗಳೂ ಇದನ್ನೇ ಕೇಳುತ್ತಿದ್ದವು: ಇದರಲ್ಲಿ ನಿನಗೇನು ನಷ್ಟ? ನಷ್ಟ ಆದವನೇ ಬರಬೇಕಿತ್ತು. 1970ರ ದಶಕದ ಕೊನೆಯಲ್ಲಿ ಆ ಕಟ್ಟು ಸಡಿಲವಾಯಿತು. 1981ರ ಎಸ್.ಪಿ. ಗುಪ್ತಾ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು ಇದನ್ನು ಸ್ಪಷ್ಟವಾಗಿ ಬರೆದರು. ಕೋರ್ಟಿಗೆ ಬರಲಾಗದ ಜನರ ಪರವಾಗಿ, ಸಾರ್ವಜನಿಕರ ಹಿತಕ್ಕಾಗಿ, ಒಳ್ಳೆಯ ಉದ್ದೇಶದಿಂದ ಯಾರು ಬೇಕಾದರೂ ಬರಬಹುದು. ಪರಿಸರದ ವಿಷಯಕ್ಕೆ ಇದು ತುಂಬ ಮುಖ್ಯ. ಹೊಳೆಗೆ, ಕಾಡಿಗೆ, ಸತ್ತ ಮೀನಿಗೆ ವಕಾಲತ್ತು ಹಾಕಲು ಬರುವುದಿಲ್ಲ, ಅಲ್ವಾ?

ಕೆರೆ ಯಾರದು ಎಂಬುದಕ್ಕೂ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ. 1996ರಲ್ಲಿ ಹಿಮಾಚಲದ ಬಿಯಾಸ್ ನದಿಯ ದಂಡೆಯಲ್ಲಿ ಒಂದು ಹೋಟೆಲು ನದಿಯ ಪಾತ್ರವನ್ನೇ ತಿರುಗಿಸಲು ಹೊರಟಾಗ ಕೋರ್ಟ್ ಹೇಳಿದ್ದು ಇಷ್ಟು: ನದಿ, ಕಾಡು, ಗಾಳಿ ಸರ್ಕಾರದ ಆಸ್ತಿಯಲ್ಲ, ಸರ್ಕಾರ ಜನರ ಪರವಾಗಿ ಅವನ್ನು ಕಾಯುವ ಧರ್ಮದರ್ಶಿ ಮಾತ್ರ. 2011ರ ಜನವರಿಯಲ್ಲಿ ಪಂಜಾಬಿನ ಒಂದು ಹಳ್ಳಿ ಕೊಳದ ಒತ್ತುವರಿ ಪ್ರಕರಣದಲ್ಲಿ, ಅಂದರೆ ಜಗಪಾಲ್ ಸಿಂಗ್ ಪ್ರಕರಣದಲ್ಲಿ, ದೇಶದ ಎಲ್ಲ ರಾಜ್ಯಗಳೂ ಊರೊಟ್ಟಿನ ಜಾಗಗಳ ಒತ್ತುವರಿ ತೆರವಿಗೆ ಯೋಜನೆ ಮಾಡಬೇಕು ಎಂದು ಆದೇಶವಾಯಿತು. ಈ ತೀರ್ಪಿನ ಪ್ರತಿಯನ್ನು ನಿಮ್ಮ ಕಡತದಲ್ಲಿ ಮೊದಲು ಇಟ್ಟುಕೊಳ್ಳಿ. ತಹಶೀಲ್ದಾರರ ಮುಂದೆ ಇದು ಉಪಯೋಗಕ್ಕೆ ಬರುತ್ತದೆ.

ನಿಮ್ಮ ಜಮೀನು ಅಚ್ಚುಕಟ್ಟಿನಲ್ಲಿ ಇಲ್ಲದಿರುವುದು ಕೊರತೆಯಲ್ಲ, ಬಲ. 1991ರ ಸುಭಾಷ್ ಕುಮಾರ್ ಪ್ರಕರಣ ನೋಡಿ. ಶುದ್ಧ ನೀರು, ಶುದ್ಧ ಗಾಳಿ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಆ ತೀರ್ಪಿನಲ್ಲಿ. ಇವತ್ತಿಗೂ ಎಲ್ಲ ಅರ್ಜಿಗಳಲ್ಲಿ ಅದನ್ನು ಉದ್ಧರಿಸುತ್ತೇವೆ. ಆದರೆ ಆ ಅರ್ಜಿ ಮಾತ್ರ ವಜಾ ಆಯಿತು. ಅರ್ಜಿದಾರರಿಗೆ ಆ ಕಂಪನಿಯ ಜೊತೆ ವ್ಯಾಪಾರದ ತಕರಾರು ಇತ್ತು, ಸ್ವಂತ ಸಿಟ್ಟಿಗೆ ಪಿಐಎಲ್ ಬಳಸಿದ್ದಾರೆ ಎಂದು ಕೋರ್ಟಿಗೆ ಅನ್ನಿಸಿತು. ಅದಕ್ಕೇ ನನ್ನ ಬಳಿ ಬರುವ ಎಲ್ಲರಿಗೂ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ, ನಿಮಗೂ ಕೇಳುತ್ತಿದ್ದೇನೆ: ಆ ಘಟಕದವರ ಜೊತೆ, ಅಡಿಕೆ ಇಟ್ಟವರ ಜೊತೆ ನಿಮಗೆ ಹಳೇ ಜಗಳ ಏನಾದರೂ ಇದೆಯೇ? ಬದುವಿನ ತಕರಾರು, ಪಂಚಾಯ್ತಿ ಎಲೆಕ್ಷನ್ನು, ಸಾಲ? ಇದ್ದರೆ ಮುಚ್ಚಿಡಬೇಡಿ. ಅರ್ಜಿಯಲ್ಲೇ ಬರೆಯಿರಿ, ಇಲ್ಲವೇ ಬೇರೊಬ್ಬರು ಅರ್ಜಿದಾರರಾಗಲಿ. 2010ರ ಬಲವಂತ್ ಸಿಂಗ್ ಚೌಫಾಲ್ ತೀರ್ಪಿನ ನಂತರ ಅರ್ಜಿದಾರರು ಯಾರು, ಏಕೆ ಬಂದಿದ್ದಾರೆ ಎಂಬುದನ್ನು ಕೋರ್ಟುಗಳು ಮೊದಲೇ ನೋಡುತ್ತವೆ. ಎದುರಿನವರ ವಕೀಲರು ಬಣ್ಣದ ನೀರಿನ ಬಗ್ಗೆ ಮಾತಾಡುವುದೇ ಇಲ್ಲ, ನಿಮ್ಮ ಬಗ್ಗೆ ಮಾತಾಡುತ್ತಾರೆ.

ಇನ್ನು "ನಿಜಕ್ಕೂ ಏನಾದರೂ ಆಗುತ್ತಾ" ಎಂಬ ಪ್ರಶ್ನೆ. ಆಗುತ್ತದೆ. ಕುದುರೆಮುಖದ ಕಥೆ ಹೇಳುತ್ತೇನೆ. ಕಾಗದ ಏನು ಮಾಡಬಲ್ಲದು ಎಂದು ನನಗೆ ಕಲಿಸಿದ್ದು ಅದು.

ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯಲು 1969ರಲ್ಲಿ 30 ವರ್ಷದ ಗುತ್ತಿಗೆ ಆಗಿತ್ತು. ತೆಗೆಯುತ್ತಿದ್ದದ್ದು ಕೇಂದ್ರ ಸರ್ಕಾರದ್ದೇ ಕಂಪನಿ. ಅದಿರಿನ ಪುಡಿ ನೀರಿನ ಜೊತೆ ಬೆರೆತು ಕೊಳವೆಯಲ್ಲಿ ಘಟ್ಟ ಇಳಿದು ಮಂಗಳೂರಿಗೆ ಹೋಗುತ್ತಿತ್ತು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬುತ್ತಿತ್ತು. ಅಲ್ಲೇ ಹತ್ತಿರದ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಹುಟ್ಟುತ್ತವೆ. ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿಯುತ್ತಿದ್ದಳು. 1987ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಗಣಿ ಮಾತ್ರ ನಿಲ್ಲಲಿಲ್ಲ. ತುಂಗಾ ಮೂಲ ಉಳಿಸಿ ಎಂಬ ಕೂಗು ಶಿವಮೊಗ್ಗ, ಚಿಕ್ಕಮಗಳೂರು ಕಡೆ ಜೋರಾಗಿತ್ತು. ಮೆರವಣಿಗೆ ಆದವು, ಮನವಿ ಪತ್ರಗಳು ಹೋದವು.

1999ರಲ್ಲಿ ಗುತ್ತಿಗೆಯ ಅವಧಿ ಮುಗಿಯಿತು. ಆಮೇಲೂ ತಾತ್ಕಾಲಿಕ ಅನುಮತಿಗಳ ಮೇಲೆ ಗಣಿ ನಡೆಯಿತು. ಆಗ ಕೋರ್ಟಿಗೆ ಹೋದವರು ಕೆ.ಎಂ. ಚಿಣ್ಣಪ್ಪ. ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿ ಕಾಡು ಕಾದವರು. ಅವರು ಹೊಸ ಪಿಐಎಲ್ ಹಾಕಲಿಲ್ಲ ಎಂಬುದನ್ನು ಗಮನಿಸಿ. ಗೂಡಲೂರಿನ ಕಾಡಿನ ಮರ ಕಡಿತದ ಬಗ್ಗೆ ಟಿ.ಎನ್. ಗೋದಾವರ್ಮನ್ ತಿರುಮುಲ್ಪಾಡ್ ಅವರು 1995ರಲ್ಲಿ ಹಾಕಿದ್ದ ಅರ್ಜಿ ಸುಪ್ರೀಂ ಕೋರ್ಟಿನಲ್ಲಿ ಇನ್ನೂ ನಡೆಯುತ್ತಿತ್ತು. 1996ರ ಡಿಸೆಂಬರ್ 12ರ ಆದೇಶದಿಂದ ಅದು ಇಡೀ ದೇಶದ ಕಾಡಿನ ಪ್ರಕರಣವಾಗಿ ಬೆಳೆದಿತ್ತು. 2001ರಲ್ಲಿ ಚಿಣ್ಣಪ್ಪನವರು ಅದರೊಳಗೆ ಒಂದು ಮಧ್ಯಂತರ ಅರ್ಜಿ ಹಾಕಿದರು. ಸರಿಯಾದ ಬಾಗಿಲು ಹುಡುಕುವುದು ಎಂದರೆ ಇದೇ.

ಅವರ ಕೈಯಲ್ಲಿದ್ದದ್ದು ಸರಳ ಕಾಗದಗಳು. ಗುತ್ತಿಗೆ ಯಾವಾಗ ಮುಗಿಯಿತು, ಗಣಿ ಉದ್ಯಾನದ ಯಾವ ಭಾಗದಲ್ಲಿದೆ, ಕಾಯ್ದೆಯ ಪ್ರಕಾರ ಯಾವ ಅನುಮತಿ ಬೇಕಿತ್ತು, ಏನಿದೆ, ಏನಿಲ್ಲ. ನದಿ ಸೇರುವ ಹೂಳಿನ ವಿಷಯವೂ ಕೋರ್ಟಿನ ಮುಂದೆ ಬಂತು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಕೊನೆಗೆ ಗಣಿ ನಿಲ್ಲಬೇಕು ಎಂದಾಯಿತು. ನಿಂತಿತು. ಕೇಂದ್ರ ಸರ್ಕಾರದ ದೊಡ್ಡ ಕಂಪನಿಯೊಂದರ ಗಣಿ, ಒಬ್ಬ ನಿವೃತ್ತ ಅರಣ್ಯಾಧಿಕಾರಿಯ ಅರ್ಜಿಯಿಂದ! ಈಗಲೂ ಆ ದಿನ ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ. ಅದರ ಬೆಲೆಯನ್ನೂ ಹೇಳಬೇಕು. ಕುದುರೆಮುಖದ ಕಾರ್ಮಿಕರ ಊರು ಮೆಲ್ಲಗೆ ಖಾಲಿಯಾಯಿತು. ಆ ಮನೆಗಳವರ ಕಷ್ಟವೂ ಕಷ್ಟವೇ. ನಿಮ್ಮ ಬಣ್ಣದ ಘಟಕದಲ್ಲೂ ನಿಮ್ಮೂರಿನವರೇ ಕೆಲಸಕ್ಕಿರಬಹುದು. ಅದಕ್ಕೆ ಅರ್ಜಿಯಲ್ಲಿ "ಘಟಕ ಮುಚ್ಚಿಸಿ" ಎಂದು ಶುರು ಮಾಡಬೇಡಿ. "ಶುದ್ಧೀಕರಿಸದ ನೀರು ಹೊರಗೆ ಬಿಡದಂತೆ ಮಾಡಿ, ಮಾಡುವವರೆಗೆ ನಿಲ್ಲಿಸಿ" ಎಂದು ಕೇಳಿ. ನ್ಯಾಯಾಧೀಶರಿಗೂ ಅದು ಸರಿ ಕಾಣುತ್ತದೆ, ಊರಿಗೂ.

ನಿಮ್ಮ ಜಿಲ್ಲೆಗೇ ಸೇರಿದ್ದು ಇನ್ನೊಂದಿದೆ. ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋಯಿತು. ಮುಂದೆ ನಿಂತವರು ಎಸ್.ಆರ್. ಹಿರೇಮಠ. 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಳು ನಿಂತವು, ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿನವೂ ನಿಂತವು. 2013ರ ಏಪ್ರಿಲ್ ತೀರ್ಪಿನಲ್ಲಿ ತೀರಾ ಅಕ್ರಮ ಎಸಗಿದ 'ಸಿ' ವರ್ಗದ ಗುತ್ತಿಗೆಗಳು ರದ್ದಾದವು. ಆ ಸಂಸ್ಥೆ ಇದ್ದಕ್ಕಿದ್ದಂತೆ ಕೋರ್ಟಿನಲ್ಲಿ ಹುಟ್ಟಿದ್ದಲ್ಲ. 1987ರಲ್ಲೇ ಹಾವೇರಿ ಬಳಿಯ ಕುಸನೂರಿನಲ್ಲಿ, ಊರ ಜಾಗದಲ್ಲಿ ನೆಟ್ಟಿದ್ದ ನೀಲಗಿರಿ ಸಸಿ ಕಿತ್ತು ಬೇರೆ ಸಸಿ ನೆಟ್ಟ "ಕಿತ್ತಿಕೋ ಹಚ್ಚಿಕೋ" ಸತ್ಯಾಗ್ರಹ ಮಾಡಿದವರು ಅವರು. ಊರಿನ ಜನ ಹಿಂದೆ ನಿಂತ ಅರ್ಜಿಯ ತೂಕವೇ ಬೇರೆ.

ಸೋತದ್ದನ್ನೂ ಹೇಳದಿದ್ದರೆ ನಿಮಗೆ ಮೋಸ ಮಾಡಿದಂತೆ. ನರ್ಮದಾ ಬಚಾವೋ ಆಂದೋಲನ 1994ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಸರ್ದಾರ್ ಸರೋವರಕ್ಕೆ ಪರಿಸರ ಅನುಮತಿ ಸಿಕ್ಕಿ ಏಳು ವರ್ಷವಾಗಿತ್ತು. 2000ದ ತೀರ್ಪಿನಲ್ಲಿ ಕೋರ್ಟ್ ತಡವಾಗಿ ಬಂದದ್ದನ್ನೇ ದೊಡ್ಡದು ಮಾಡಿತು. ನನಗೆ ಆ ತೀರ್ಪು ಇವತ್ತಿಗೂ ಒಪ್ಪಿಗೆಯಿಲ್ಲ. ಆದರೆ ತಡದ ಬಗ್ಗೆ ಅದು ಹೇಳಿದ್ದನ್ನು ಎಲ್ಲ ಕೋರ್ಟುಗಳೂ ಹಿಡಿದುಕೊಂಡಿವೆ. ಗೆದ್ದದ್ದು ಕೈಜಾರುವುದೂ ಉಂಟು. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಕಟ್ಟಡ ಇರಬಾರದು ಎಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತ್ತು. ಎಷ್ಟು ಸಂತೋಷಪಟ್ಟಿದ್ದೆವು! 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ತೆಗೆದುಹಾಕಿತು. ನಗರದ ಮಾಸ್ಟರ್ ಪ್ಲ್ಯಾನ್ ಹೇಳಿದ್ದನ್ನು ಮೀರಿ ಹೊಸ ಅಳತೆ ಹಾಕುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಎಂದಿತು.

ಈಗ ನಿಮ್ಮ ಬಣ್ಣದ ನೀರು. ಇದರ ಬಾಗಿಲು ಚೆನ್ನೈನಲ್ಲಿದೆ. ಗಾಬರಿಯಾಗಬೇಡಿ. 2010ರ ಕಾಯ್ದೆಯಿಂದ ಬಂದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ನಾವೆಲ್ಲ ಎನ್‌ಜಿಟಿ ಎನ್ನುವುದು, ನೀರು, ಗಾಳಿ, ಕಾಡಿನ ಕಾಯ್ದೆಗಳ ಪ್ರಕರಣಗಳಿಗೆಂದೇ ಇದೆ. ಕರ್ನಾಟಕ ಅದರ ದಕ್ಷಿಣ ಪೀಠಕ್ಕೆ ಸೇರುತ್ತದೆ. ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ವಕೀಲರಿಲ್ಲದೆ ನೀವೇ ವಾದಿಸಬಹುದು. ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದ ಜೊತೆಗಿಡಬೇಕು, ಅಷ್ಟೇ. ಹೈಕೋರ್ಟಿನ ಅಧಿಕಾರ ಎನ್‌ಜಿಟಿಯಿಂದ ಕಡಿಮೆಯಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ, ಹಾಗಾಗಿ ನಿಮ್ಮ ವಕೀಲರು ಹೇಳಿದ್ದು ತಪ್ಪಲ್ಲ. ಆದರೆ ಇಂಥ ಕಾರ್ಖಾನೆ ನೀರಿನ ಅರ್ಜಿಯನ್ನು ಹೈಕೋರ್ಟ್ ನೋಡಿ "ಎನ್‌ಜಿಟಿಗೆ ಹೋಗಿ" ಎಂದು ಕಳಿಸುವುದೇ ಜಾಸ್ತಿ. ಅಷ್ಟರಲ್ಲಿ ನಿಮ್ಮ ಕಾಲ ಮುಗಿದಿರುತ್ತದೆ.

ಕಾಲ ಎಂದರೆ ಆರು ತಿಂಗಳು. ತೊಂದರೆ ಮೊದಲು ಶುರುವಾದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ತಕ್ಕ ಕಾರಣ ತೋರಿಸಿದರೆ ಇನ್ನು 60 ದಿನ ಸಿಗಬಹುದು, ಅದರಾಚೆ ಇಲ್ಲ. ನಿಮಗೆ ನಾಲ್ಕು ತಿಂಗಳು ಕಳೆದಿದೆ. ಮೀನು ಗುತ್ತಿಗೆ ಹಿಡಿದವರಿಗೆ, ಬೋರ್‌ವೆಲ್ ಕೆಟ್ಟವರಿಗೆ ಪರಿಹಾರ ಕೇಳಲು ಐದು ವರ್ಷ ಸಮಯವಿದೆ, ಆದರೆ ನೀರು ನಿಲ್ಲಿಸಲು ಹೋಗುವ ಅರ್ಜಿಗೆ ಇಲ್ಲ. ಹಾಳು ಮಾಡಿದವನೇ ಸರಿಪಡಿಸುವ ಖರ್ಚು ಕೊಡಬೇಕು ಎಂಬುದು ನಮ್ಮಲ್ಲಿ ಗಟ್ಟಿಯಾದದ್ದು ವೆಲ್ಲೂರಿನ ಚರ್ಮ ಹದ ಮಾಡುವ ಘಟಕಗಳ ಮೇಲಿನ 1996ರ ತೀರ್ಪಿನಿಂದ. ಕೆಟ್ಟಿದ್ದದ್ದು ಪಾಲಾರ್ ನದಿ, ಅದು ಹುಟ್ಟುವುದು ನಮ್ಮ ನಂದಿಬೆಟ್ಟದ ಕಡೆ.

ಹಾಗಾದರೆ ಈ ಎರಡು ತಿಂಗಳಲ್ಲಿ ಏನು ಮಾಡಬೇಕು? ಕಡತ ಕಟ್ಟಬೇಕು. ಬಾಯಿ ಮಾತಲ್ಲಿ ಪಂಚಾಯ್ತಿಗೆ ಹೇಳಿದ್ದು ಕೋರ್ಟಿನ ಲೆಕ್ಕಕ್ಕೆ ಹೇಳದಂತೆಯೇ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ, ಜಿಲ್ಲಾಧಿಕಾರಿಗೆ, ಪಂಚಾಯ್ತಿಯ ಪಿಡಿಒಗೆ ಲಿಖಿತ ದೂರು ಕೊಡಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಕಿನ ಸೀಲು ಹಾಕಿಸಿಕೊಳ್ಳಿ. ಹಾಕುವುದಿಲ್ಲ ಎಂದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಅಂಟಿಸಿಡಿ. ಆ ಸೀಲಿಗೆ ನಿಮ್ಮ ಹತ್ತು ಪುಟದ ವಾದಕ್ಕಿಂತ ಬೆಲೆ ಜಾಸ್ತಿ. ಹೇಳಿದ ಮೇಲೂ ಅಧಿಕಾರಿಗಳು ಸುಮ್ನೆ ಕೂತರು ಎಂದು ತೋರಿಸುವುದು ಅದೊಂದೇ.

ಅದೇ ದಿನ ಮಂಡಳಿಗೆ ಮಾಹಿತಿ ಹಕ್ಕಿನ ಅರ್ಜಿಯೂ ಹೋಗಲಿ. ಶುಲ್ಕ 10 ರೂಪಾಯಿ, ಉತ್ತರ 30 ದಿನದಲ್ಲಿ ಬರಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಉದ್ದ ಬರೆದು ತಿರಸ್ಕಾರವಾದ ಅರ್ಜಿಗಳನ್ನು ಎಷ್ಟೋ ನೋಡಿದ್ದೇನೆ. ಕೇಳಬೇಕಾದ್ದು: ಆ ಘಟಕಕ್ಕೆ ಕೊಟ್ಟ ಕನ್ಸೆಂಟ್‌ನ, ಅಂದರೆ ಘಟಕ ನಡೆಸಲು ಮಂಡಳಿ ಕೊಡುವ ಒಪ್ಪಿಗೆಯ, ಪ್ರತಿ, ಅದರ ಷರತ್ತುಗಳು, ಇತ್ತೀಚಿನ ತಪಾಸಣೆ ವರದಿ, ನೀರಿನ ಪರೀಕ್ಷೆಯ ಫಲಿತಾಂಶ. ಎಷ್ಟೋ ಸಲ ಪ್ರಕರಣ ಇಲ್ಲೇ ಅರ್ಧ ಗೆದ್ದಂತೆ. ಕನ್ಸೆಂಟ್ ಅವಧಿ ಮುಗಿದಿರುತ್ತದೆ, ಇಲ್ಲವೇ ಒಂದು ಹನಿಯೂ ಹೊರಗೆ ಬಿಡಬಾರದು ಎಂಬ ಷರತ್ತು ಅದರಲ್ಲೇ ಇರುತ್ತದೆ. ಷರತ್ತು ಮುರಿದವರ ಘಟಕ ನಿಲ್ಲಿಸುವ, ಕರೆಂಟು ತೆಗೆಸುವ ಅಧಿಕಾರ 1974ರ ಜಲ ಕಾಯ್ದೆಯ 33ಎ ಕಲಮಿನಲ್ಲಿ ಮಂಡಳಿಗೆ ಇದೆ.

ನೀವೇ ಬಾಟಲಿಯಲ್ಲಿ ತುಂಬಿಸಿಕೊಂಡು ಹೋಗುವ ನೀರಿನ ಬಗ್ಗೆ ಒಂದು ಮಾತು. ಶಿಕ್ಷೆ ಕೊಡಿಸುವ ಮೊಕದ್ದಮೆಗೆ ಅದು ನಿಲ್ಲುವುದಿಲ್ಲ. ಅಲ್ಲಿ ಮಂಡಳಿಯ ಅಧಿಕಾರಿಯೇ, ಕಾಯ್ದೆಯ ಕ್ರಮದಂತೆ, ಘಟಕದವರಿಗೆ ತಿಳಿಸಿ ಮಾದರಿ ತೆಗೆದು ಸೀಲ್ ಮಾಡಬೇಕು. ಎನ್‌ಜಿಟಿಗೆ ಸಾಕ್ಷ್ಯ ಕಾಯ್ದೆಯ ಕಟ್ಟು ಇಲ್ಲ. ಮಾನ್ಯತೆ ಇರುವ ಲ್ಯಾಬಿನ ವರದಿ ಇದ್ದರೆ ಅರ್ಜಿ ಬಾಗಿಲು ದಾಟುತ್ತದೆ. ಆಮೇಲೆ ಎನ್‌ಜಿಟಿ ಸಾಮಾನ್ಯವಾಗಿ ಜಂಟಿ ಸಮಿತಿ ಮಾಡಿ ಸ್ಥಳಕ್ಕೆ ಕಳಿಸುತ್ತದೆ. ಸಮಿತಿ ಬರುವ ದಿನ ಊರವರು ಅಲ್ಲಿರಲೇಬೇಕು. ಯಾವ ಜಾಗದ ನೀರು ತೆಗೆದರು, ಎಷ್ಟು ಗಂಟೆಗೆ ತೆಗೆದರು ಎಂದು ಬರೆದುಕೊಳ್ಳಿ. ಘಟಕ ನಿಂತಿರುವ ಹಗಲು ಹೊತ್ತಲ್ಲಿ ಬಂದು ತಿಳಿನೀರು ತುಂಬಿಕೊಂಡು ಹೋದರೆ ಅಲ್ಲೇ ಲಿಖಿತ ಆಕ್ಷೇಪ ಕೊಡಿ.

ಇನ್ನೊಂದು ಸಲ ಮೀನು ತೇಲಿದರೆ, ತೇಲದಿರಲಿ, ಅವತ್ತೇ ಪಿಡಿಒ ಅವರನ್ನು ಕರೆಸಿ ಮಹಜರು ಮಾಡಿಸಿ. ಮೀನುಗಾರಿಕೆ ಇಲಾಖೆಗೂ ತಿಳಿಸಿ. ಫೋಟೋದಲ್ಲಿ ತಾರೀಕು, ಸಮಯ, ಸ್ಥಳ ಬರುವಂತೆ ತೆಗೆಯಿರಿ. ನೀರಗಂಟಿ, ದನ ಕಾಯುವವರು, ಬಟ್ಟೆ ಒಗೆಯುವ ಹೆಂಗಸರು ಏನು ನೋಡಿದರು ಎಂಬುದನ್ನು ಅವರ ಮಾತಿನಲ್ಲೇ ಬರೆದು ಸಹಿ ಹಾಕಿಸಿ. ಕೆರೆಯನ್ನು ದಿನಾ ನೋಡುವವರು ಅವರೇ ಅಲ್ವಾ?

ಒತ್ತುವರಿಯದು ಬೇರೆ ದಾರಿ. ಗ್ರಾಮ ನಕ್ಷೆ, ಕೆರೆಯ ಸರ್ವೆ ನಂಬರಿನ ಪಹಣಿ, ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಸರ್ವೆ ದಾಖಲೆ) ತೆಗೆಸಿ. ಕೆರೆಯ ವಿಸ್ತೀರ್ಣ ಕಾಗದದಲ್ಲಿ ಎಷ್ಟಿದೆ ಎಂದು ಮೊದಲು ತಿಳಿಯಲಿ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಅಡಿಕೆ ಸಸಿಯ ನಡುವೆ ನಿಂತು ನೋಡಿದರೆ ಯಾವ ಸರ್ವೆ ನಂಬರಿನಲ್ಲಿದ್ದೀರಿ ಎಂಬ ಅಂದಾಜು ಸಿಗುತ್ತದೆ. ಅದು ಅಂದಾಜು ಮಾತ್ರ. ಸರ್ವೆ ಮಾಡಿಸಿ ಎಂದು ತಹಶೀಲ್ದಾರರಿಗೆ ಬರೆಯಿರಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಜಾಸ್ತಿ ಇದ್ದರೆ ಕೆರೆ ಸಣ್ಣ ನೀರಾವರಿ ಇಲಾಖೆಯದು, ಕಡಿಮೆ ಇದ್ದರೆ ಪಂಚಾಯತ್ ಕಡೆಯದು. ಆ ಕಚೇರಿಗೂ ಒಂದು ಪ್ರತಿ ಹೋಗಲಿ. ಭೂಕಂದಾಯ ಕಾಯ್ದೆಯ 104ನೇ ಕಲಮಿನಲ್ಲಿ ಒತ್ತುವರಿ ತೆರವಿಗೆ ಅಧಿಕಾರವಿದೆ. ಅಳತೆಯಾಗಿ, ಒತ್ತುವರಿ ಇದೆ ಎಂದು ವರದಿ ಬಂದ ಮೇಲೂ ತೆಗೆಯದಿದ್ದರೆ ಆಗ ಹೈಕೋರ್ಟಿಗೆ ಪಿಐಎಲ್ ಹಾಕಿ. ಅದು ಗಟ್ಟಿ ಅರ್ಜಿ. ಅಳತೆಯಿಲ್ಲದೆ ಹೋದರೆ "ಅರ್ಜಿದಾರರ ಮನವಿಯನ್ನು ತಹಶೀಲ್ದಾರರು ಪರಿಗಣಿಸಲಿ" ಎಂಬ ಎರಡು ಸಾಲಿನ ಆದೇಶ ಹಿಡಿದು ವಾಪಸ್ ಬರುತ್ತೀರಿ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ವೃತ್ತಿಯ ಶುರುವಿನಲ್ಲಿ ಒಂದು ಕೆರೆಯ ಪ್ರಕರಣದಲ್ಲಿ ಒಳ್ಳೆಯ ಆದೇಶ ಸಿಕ್ಕಿತು. ಮೂರು ತಿಂಗಳಲ್ಲಿ ಒತ್ತುವರಿ ತೆಗೆಯಿರಿ ಎಂದಿತ್ತು. ಊರವರು ಸಿಹಿ ಹಂಚಿದರು. ನಾನೂ ತಿಂದು ಬೇರೆ ಕೇಸಿಗೆ ಹೋದೆ. ಕಚೇರಿಯವರು ಏನೂ ಮಾಡಲಿಲ್ಲ. ಎರಡು ವರ್ಷದ ನಂತರ ಊರವರು ಮತ್ತೆ ಬಂದಾಗ ನ್ಯಾಯಾಂಗ ನಿಂದನೆ ಅರ್ಜಿಯ ಅವಧಿ ಮುಗಿದಿತ್ತು. 1971ರ ಕಾಯ್ದೆಯಲ್ಲಿ ಅದಕ್ಕೆ ಇರುವುದು ಒಂದೇ ವರ್ಷ. ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ಆ ಊರಿನವರ ಮುಖ ನನಗೆ ಮರೆತಿಲ್ಲ. ಆದೇಶ ಬಂದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ದೃಢೀಕೃತ ಪ್ರತಿ ತೆಗೆದು ಸಂಬಂಧಪಟ್ಟ ಎಲ್ಲ ಕಚೇರಿಗೂ ನೀವೇ ತಲುಪಿಸಿ. ಗಡುವು ಮುಗಿದ ಮರುದಿನ ಇನ್ನೊಂದು ಪತ್ರ ಹೋಗಲಿ.

ಒಬ್ಬರೇ ಹೋಗಬೇಡಿ. ಒತ್ತಡ ಬರುತ್ತದೆ. ನೆಂಟರ ಮೂಲಕ, ಪಕ್ಷದವರ ಮೂಲಕ, ಕೆಲವು ಸಲ ಹೆದರಿಸಿಯೂ. ಐದಾರು ಮಂದಿ ಸೇರಿ ಅರ್ಜಿದಾರರಾಗಿ, ಅದರಲ್ಲಿ ಹೆಣ್ಣುಮಕ್ಕಳೂ ಇರಲಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ತುಮಕೂರಿನ ಜಿಲ್ಲಾ ಕೋರ್ಟಿನ ಆವರಣದಲ್ಲೇ ವಿಚಾರಿಸಿ. ಇನ್ನೊಂದು ಗೊತ್ತಿರಲಿ: ಪಿಐಎಲ್ ಹಾಕಿದ ಮೇಲೆ ಅದು ನಿಮ್ಮ ಸ್ವಂತದ್ದಲ್ಲ. ರಾಜಿಯಾಯಿತು, ವಾಪಸ್ ತಗೋತೀನಿ ಎನ್ನಲು ನಿಮಗೆ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಶೀಲಾ ಬಾರ್ಸೆ ಪ್ರಕರಣದಲ್ಲಿ ಹೇಳಿದೆ. ಒತ್ತಡ ತರುವವರಿಗೆ ಇದನ್ನೇ ಹೇಳಿ. "ಬಿಡೋದು ನನ್ನ ಕೈಲಿಲ್ಲ" ಎಂಬ ಮಾತು ಎಷ್ಟೋ ಜನರನ್ನು ಕಾದಿದೆ.

ಹಾಗಾಗಿ ಈ ವಾರವೇ ದೂರು, ಮಾಹಿತಿ ಹಕ್ಕಿನ ಅರ್ಜಿ, ಸರ್ವೆಯ ಅರ್ಜಿ ಮೂರೂ ಹೋಗಲಿ. ನೀರಿನ ಲ್ಯಾಬ್ ವರದಿ ಎರಡು ವಾರದಲ್ಲಿ ಕೈಗೆ ಬರಲಿ. ಮಾಹಿತಿ ಹಕ್ಕಿನ ಉತ್ತರಕ್ಕೆ 30 ದಿನ ಕಾಯಿರಿ, ಬರದಿದ್ದರೂ ಅರ್ಜಿ ತಡ ಮಾಡಬೇಡಿ. ಉತ್ತರ ಕೊಡಲಿಲ್ಲ ಎಂಬುದನ್ನೇ ಅರ್ಜಿಯಲ್ಲಿ ಬರೆದು ಐದೂವರೆ ತಿಂಗಳಾಗುವ ಮುಂಚೆ ಎನ್‌ಜಿಟಿಗೆ ಹಾಕಿ. ಬಣ್ಣದ ನೀರನ್ನು ಮೊದಲು ನೋಡಿದ್ದು ಯಾವತ್ತು ಎಂದು ಇವತ್ತು ರಾತ್ರಿಯೇ ನಾಲ್ಕು ಜನ ಕೂತು ನೆನಪು ಮಾಡಿಕೊಂಡು ಬರೆದಿಡಿ. ಹಬ್ಬವೋ, ಮದುವೆಯೋ, ಮಳೆಯೋ, ಯಾವುದರ ಆಸುಪಾಸು ಎಂದು ಗೊತ್ತಾದರೂ ಸಾಕು, ತಾರೀಕು ಹುಡುಕಬಹುದು. ನಿಮ್ಮ ಅರ್ಜಿಯ ಮೊದಲ ಸಾಲು ಆ ತಾರೀಕೇ.